ಗುರಿ ಮಸುಕಾಗಿರಲಿ, ಸೈಟು ಸ್ಪಷ್ಟವಾಗಿರಲಿ

ಮರದ ಮೇಲಿಟ್ಟಿದ್ದ ಹಕ್ಕಿಯ ಬೊಂಬೆಯನ್ನು ತೋರಿಸಿ ‘ಏನು ಕಾಣುತ್ತಿದೆ?’ ಎಂದು ದ್ರೋಣಾಚಾರ್ಯರು ಕೇಳಿದರು, ‘ಹಕ್ಕಿಯ ಕಣ್ಣು ಮಾತ್ರ’ ಎಂದು ಅರ್ಜುನ ಉತ್ತರಿಸಿದ. ಈ ಕತೆಯನ್ನು ಕೇಳದ ವಿದ್ಯಾರ್ಥಿ ಕನ್ನಡನಾಡಿನಲ್ಲಿ ಸಿಗುವುದು ಕಷ್ಟ. ಏಕಾಗ್ರತೆಯ ಪಾಠ ಮಾಡುವ ಮೇಷ್ಟರಿಗೆಲ್ಲ ಸುಲಭವಾಗಿ ಒದಗಿಬರುವ ಕತೆ ಅದು. ಆದರೆ ಪಿಸ್ತೂಲು ಕಲಿಯಲು ಹೋದ ಹುಡುಗನೊಬ್ಬ ಇದೇ ಉತ್ತರವನ್ನು ತನ್ನ ತರಬೇತುದಾರರಿಗೆ ಕೊಟ್ಟರೆ ಬೆನ್ನು ತಟ್ಟಿಸಿಕೊಳ್ಳುವುದಿಲ್ಲ. ‘ಗುರಿ ಅಷ್ಟು ಚೆನ್ನಾಗಿ ಕಾಣುತ್ತಿದೆಯೇ? ಹಾಗಾದರೆ ಪಿಸ್ತೂಲು ಕೆಳಗಿಳಿಸು’ ಎಂಬ ಮಾತು ಕೇಳಬೇಕಾಗುತ್ತದೆ.

ಇದೇನು ವಿಚಿತ್ರ ಎನಿಸಬಹುದು. ಗುರಿಯನ್ನು ನೋಡದೆ ಗುರಿ ಹೊಡೆಯುವುದು ಹೇಗೆ? ಇದಕ್ಕೆ ಉತ್ತರ ಪ್ರೌಢಶಾಲೆಯ ವಿಜ್ಞಾನ ಮತ್ತು ಗಣಿತ ಪುಸ್ತಕಗಳಲ್ಲೇ ಇದೆ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚಿನ ಪದಕ ಗೆದ್ದ ನಂತರ ಹತ್ತು ಮೀಟರ್ ಏರ್ ಪಿಸ್ತೂಲ್ ಎಂಬ ಹೆಸರು ಮನೆಮನೆಗೂ ತಲುಪಿತು. ಕರ್ನಾಟಕಕ್ಕೂ ಈ ಕ್ರೀಡೆ ಹೊಸದಲ್ಲ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಇದೇ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದರು. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದ ಏರ್ ಪಿಸ್ತೂಲ್ ತಂಡಗಳಲ್ಲಿ ಬೆಂಗಳೂರಿನ ಟಿ.ಎಸ್. ದಿವ್ಯಾ ಇದ್ದರು. ಈಗ ಎಷ್ಟೋ ಮಕ್ಕಳು ‘ನಾನೂ ಕಲಿಯುತ್ತೇನೆ’ ಎಂದು ಅಪ್ಪ ಅಮ್ಮನ ಮುಂದೆ ನಿಲ್ಲುತ್ತಿದ್ದಾರೆ.

ಮೊದಲು ಗುರಿಫಲಕದ ಅಳತೆ ತಿಳಿಯೋಣ. ಹತ್ತು ಮೀಟರ್ ದೂರದಲ್ಲಿರುವ ಫಲಕದ ನಟ್ಟನಡುವಿನ, ಹತ್ತು ಅಂಕದ ವೃತ್ತದ ವ್ಯಾಸ 11.5 ಮಿಲಿಮೀಟರ್. ಅಂದರೆ ಅಂಗಿಯ ಒಂದು ಗುಂಡಿಯಷ್ಟು. ಅದರ ಸುತ್ತ 8 ಮಿ.ಮೀ. ಅಂತರದಲ್ಲಿ ಒಂಬತ್ತು, ಎಂಟು, ಏಳು ಎಂದು ಬಳೆಗಳು ಹಬ್ಬುತ್ತವೆ. ಏಳರ ತನಕದ ಭಾಗ ಕಪ್ಪು, ಉಳಿದದ್ದು ಬಿಳಿ. ಸೀಸದ ಗುಂಡಿನ ವ್ಯಾಸ 4.5 ಮಿ.ಮೀ. ಗುಂಡು ಗೆರೆಯನ್ನು ಮುಟ್ಟಿದರೂ ಒಳಗಿನ ಅಂಕವೇ ಸಿಗುವುದರಿಂದ, ಅದರ ನಡುಭಾಗ ಕೇಂದ್ರದಿಂದ 8 ಮಿ.ಮೀ. ಒಳಗಿದ್ದರೆ ಪೂರ್ತಿ ಹತ್ತು ಅಂಕ. ಅಲ್ಲಿಂದಾಚೆಗೆ ಪ್ರತಿ 8 ಮಿ.ಮೀ.ಗೆ ಒಂದೊಂದು ಅಂಕ ಖೋತಾ.

ಇನ್ನು ಸೈಟು. ಸೈಟು ಎಂದೊಡನೆ ಹಿರಿಯರಿಗೆ ಮೂವತ್ತು–ನಲವತ್ತರ ನಿವೇಶನ ನೆನಪಾದೀತು! ಇಲ್ಲಿ ಸೈಟು ಎಂದರೆ ಗುರಿ ಹಿಡಿಯಲೆಂದು ಪಿಸ್ತೂಲಿನ ಮೇಲೆ ಕೂರಿಸಿರುವ ಎರಡು ಪುಟ್ಟ ಭಾಗಗಳು. ಕಣ್ಣಿಗೆ ಹತ್ತಿರದ ಹಿಂದಿನ ಸೈಟಿನಲ್ಲಿ ಚೌಕಾಕಾರದ ಒಂದು ಕಚ್ಚು ಇರುತ್ತದೆ. ನಳಿಗೆಯ ತುದಿಯಲ್ಲಿರುವ ಮುಂದಿನ ಸೈಟು ಒಂದು ಸಣ್ಣ ಗೂಟದಂತಿರುತ್ತದೆ. ಹಿಂದಿನ ಕಚ್ಚಿನೊಳಗೆ ಮುಂದಿನ ಗೂಟ ಕಾಣಬೇಕು. ಎರಡರ ನೆತ್ತಿಯೂ ಒಂದೇ ಮಟ್ಟದಲ್ಲಿರಬೇಕು. ಗೂಟದ ಎಡಕ್ಕೂ ಬಲಕ್ಕೂ ತೋರುವ ಬೆಳಕಿನ ಸಂದು ಸಮನಾಗಿರಬೇಕು. ಸಮ ಎತ್ತರ, ಸಮ ಬೆಳಕು: ಸೈಟು ಜೋಡಣೆ ಎಂದರೆ ಇಷ್ಟೇ. ಹೇಳುವುದು ಸುಲಭ, ಸಾಧಿಸಲು ವರ್ಷಗಳು ಬೇಕು.

ಈಗ ಲೆಕ್ಕಕ್ಕೆ ಬರೋಣ. ಸ್ಪರ್ಧೆಯ ಏರ್ ಪಿಸ್ತೂಲಿನಲ್ಲಿ ಎರಡು ಸೈಟುಗಳ ನಡುವಣ ದೂರ ಸುಮಾರು 33 ಸೆಂ.ಮೀ. ಎಂದಿಟ್ಟುಕೊಳ್ಳೋಣ. ಗುರಿಯ ದೂರ ಹತ್ತು ಮೀಟರ್, ಅಂದರೆ 1,000 ಸೆಂ.ಮೀ. ಕಲಿಯುವವನ ಮಣಿಕಟ್ಟು ಕೊಂಚ ವಾಲಿ, ಮುಂದಿನ ಸೈಟು ಕಚ್ಚಿನ ನಡುವಿನಿಂದ ಒಂದೇ ಒಂದು ಮಿಲಿಮೀಟರ್ ಬಲಕ್ಕೆ ಸರಿಯಿತು. ಸಮರೂಪ ತ್ರಿಭುಜಗಳ ನಿಯಮದಂತೆ ಗುರಿಫಲಕದಲ್ಲಿ ಆ ತಪ್ಪು 1,000ವನ್ನು 33ರಿಂದ ಭಾಗಿಸಿದಷ್ಟು ಪಟ್ಟು ದೊಡ್ಡದಾಗುತ್ತದೆ. ಅಂದರೆ ಸುಮಾರು ಮೂವತ್ತು ಪಟ್ಟು! ಗುಂಡು ಕೇಂದ್ರದಿಂದ 30 ಮಿ.ಮೀ. ಆಚೆ ಬಿದ್ದು ಹತ್ತರ ಬದಲು ಏಳು ಅಂಕ ಸಿಗುತ್ತದೆ.

ಇನ್ನೊಂದು ಬಗೆಯ ತಪ್ಪನ್ನು ಇದರ ಪಕ್ಕದಲ್ಲಿಡಿ. ಸೈಟುಗಳೆರಡೂ ಕರಾರುವಾಕ್ಕಾಗಿ ಜೋಡಿಯಾಗಿವೆ, ಆದರೆ ತೋಳು ಅಲುಗಿ ಇಡೀ ಜೋಡಿಯೇ ಗುರಿಫಲಕದ ಮೇಲೆ 5 ಮಿ.ಮೀ. ಅತ್ತಿತ್ತ ತೇಲುತ್ತಿರುವಂತೆ ಕಾಣುತ್ತಿದೆ. ಆ ಕ್ಷಣದಲ್ಲಿ ಗುಂಡು ಹಾರಿದರೆ ತಪ್ಪುವುದು ಆ 5 ಮಿ.ಮೀ. ಮಾತ್ರ. ಅಂಕ ಆಗಲೂ ಹತ್ತೇ. ಒಂದು ತಪ್ಪು ಮೂವತ್ತು ಪಟ್ಟು ಬೆಳೆಯುತ್ತದೆ, ಇನ್ನೊಂದು ಇದ್ದಷ್ಟೇ ಇರುತ್ತದೆ. ಹೊಸಬರ ಕಣ್ಣಿಗೆ ಬೀಳುವುದು ಎರಡನೆಯದು, ಅಂಕ ಕಳೆಯುವುದು ಮೊದಲನೆಯದು.

ಉದ್ದ ನಳಿಗೆಯ ಬಂದೂಕಿಗಿಂತ ಪಿಸ್ತೂಲು ಏಕೆ ಕಷ್ಟ ಎಂಬುದೂ ಇದರಿಂದ ತಿಳಿಯುತ್ತದೆ. ಕೊಡಗಿನಲ್ಲಿ ಕೈಲ್‌ಮುಹೂರ್ತ ಹಬ್ಬದಂದು ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಅಲ್ಲಿ ಕೋವಿಗೆ ಭುಜದ ಆಸರೆಯಿದೆ, ಎರಡು ಕೈಗಳ ಹಿಡಿತವಿದೆ, ನಳಿಗೆಯೂ ಉದ್ದ. ಸೈಟುಗಳ ನಡುವಣ ದೂರ ಎರಡರಷ್ಟಾದರೆ ಜೋಡಣೆಯ ತಪ್ಪು ಅರ್ಧಕ್ಕಿಳಿಯುತ್ತದೆ. ಪಿಸ್ತೂಲಿಗಾದರೋ ಚಾಚಿದ ಒಂದೇ ಕೈ ಗತಿ.

ಹಾಗಾದರೆ ಸೈಟನ್ನೂ ಗುರಿಯನ್ನೂ ಒಟ್ಟಿಗೆ ಸ್ಪಷ್ಟವಾಗಿ ನೋಡಬಾರದೇ? ಸಾಧ್ಯವಿಲ್ಲ. ಕಣ್ಣಿನ ಮಸೂರ ಒಂದು ಸಲಕ್ಕೆ ಒಂದೇ ದೂರದ ವಸ್ತುವಿನ ಬಿಂಬವನ್ನು ಅಕ್ಷಿಪಟದ ಮೇಲೆ ನಿಚ್ಚಳವಾಗಿ ಮೂಡಿಸಬಲ್ಲದು. ಹತ್ತಿರದ್ದನ್ನು ನೋಡುವಾಗ ಅದು ಉಬ್ಬುತ್ತದೆ, ದೂರದ್ದನ್ನು ನೋಡುವಾಗ ಚಪ್ಪಟೆಯಾಗುತ್ತದೆ. ತೋಳು ಚಾಚಿ ಹೆಬ್ಬೆರಳನ್ನು ಎತ್ತಿ ಹಿಡಿದು, ಒಂದು ಕಣ್ಣನ್ನು ಮುಚ್ಚಿ, ಎದುರು ಮನೆಯ ಕಿಟಕಿಯ ಸರಳುಗಳನ್ನು ನೋಡಿ. ಸರಳು ಸ್ಪಷ್ಟವಾದಾಗ ಉಗುರು ಮಸುಕು, ಉಗುರು ಸ್ಪಷ್ಟವಾದಾಗ ಸರಳು ಮಸುಕು. ಮಕ್ಕಳ ಕಣ್ಣು ಇವೆರಡರ ನಡುವೆ ಚಕಚಕನೆ ಓಡಾಡುವುದರಿಂದ ಎರಡೂ ಒಟ್ಟಿಗೆ ಕಂಡಂತೆ ಭ್ರಮೆಯಾಗುತ್ತದೆ. ಚಾಳೀಸು ಬಂದ ಹಿರಿಯರಿಗೆ ಈ ಭ್ರಮೆಯೂ ಇರುವುದಿಲ್ಲ!

ಎರಡರಲ್ಲಿ ಒಂದನ್ನು ಮಸುಕಾಗಲು ಬಿಡಲೇಬೇಕು. ಬಿಡಬೇಕಾದದ್ದು ಗುರಿಯನ್ನೇ. ಮಸುಕಾದ ವೃತ್ತದ ಅಂಚು ಎಲ್ಲ ದಿಕ್ಕಿಗೂ ಒಂದೇ ಸಮನೆ ಹರಡುವುದರಿಂದ ಅದರ ನಡುವು ಎಲ್ಲಿಗೂ ಹೋಗುವುದಿಲ್ಲ. ಆದರೆ ಮುಂದಿನ ಸೈಟು ಮಸುಕಾದರೆ ಅರ್ಧ ಮಿಲಿಮೀಟರಿನ ವಾಲುವಿಕೆ ಗೊತ್ತೇ ಆಗುವುದಿಲ್ಲ, ಗೊತ್ತಾಗದ ತಪ್ಪು ಮೂವತ್ತು ಪಟ್ಟಾಗುತ್ತದೆ. ಆದ್ದರಿಂದಲೇ ಕಣ್ಣು ನೆಡಬೇಕಾದದ್ದು ಮುಂದಿನ ಸೈಟಿನ ಮೇಲ್ಅಂಚಿನ ಮೇಲೆ.

ಹಲವು ಶೂಟರ್‌ಗಳು ಸೈಟನ್ನು ಕಪ್ಪು ವೃತ್ತದ ನಡುವೆ ಇಡದೆ, ಗಡಿಯಾರದಲ್ಲಿ ಆರರ ಅಂಕಿ ಇರುವ ಜಾಗಕ್ಕಿಂತ ತುಸು ಕೆಳಗೆ, ಬಿಳಿಯ ಭಾಗದಲ್ಲಿ ನಿಲ್ಲಿಸುತ್ತಾರೆ. ಕಪ್ಪು ಹಿನ್ನೆಲೆಯಲ್ಲಿ ಕಪ್ಪು ಸೈಟು ಕಾಣದು, ಬಿಳಿಯ ಮೇಲೆ ಅದರ ಅಂಚು ಚೊಕ್ಕಟವಾಗಿ ಕಾಣುತ್ತದೆ. ಗುಂಡು ಕೇಂದ್ರಕ್ಕೇ ಹೋಗುವಂತೆ ಸೈಟನ್ನು ತಿರುಪಿನಿಂದ ಮೊದಲೇ ಹೊಂದಿಸಿರುತ್ತಾರೆ. ಗುರುತ್ವದ ಲೆಕ್ಕವೂ ಅದರಲ್ಲೇ ಸೇರಿರುತ್ತದೆ. ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ಹೊರಟ ಗುಂಡು ಹತ್ತು ಮೀಟರ್ ಹೋಗುವಷ್ಟರಲ್ಲಿ ಸುಮಾರು 2 ಸೆಂ.ಮೀ. ಕೆಳಗಿಳಿದಿರುತ್ತದೆ.

ಒಂದು ಕಣ್ಣನ್ನು ಬಿಗಿಯಾಗಿ ಮುಚ್ಚುವುದೂ ಒಳ್ಳೆಯದಲ್ಲ. ಮುಖದ ಸ್ನಾಯುಗಳು ಬಿಗಿದು ತೆರೆದ ಕಣ್ಣೂ ದಣಿಯುತ್ತದೆ. ಪ್ಯಾರಿಸ್‌ನಲ್ಲಿ ಮಿಶ್ರ ತಂಡದ ಬೆಳ್ಳಿ ಗೆದ್ದ ಟರ್ಕಿಯ 51 ವರ್ಷದ ಯೂಸುಫ್ ದಿಕೆಚ್ ಎರಡೂ ಕಣ್ಣು ತೆರೆದು, ಒಂದು ಕೈಯನ್ನು ಜೇಬಿನಲ್ಲಿಟ್ಟು ನಿಂತಿದ್ದ ಚಿತ್ರ ಲೋಕವೆಲ್ಲ ಸುತ್ತಿತು. ಹಾಗೆ ಅಭ್ಯಾಸವಾಗದವರು ಬಳಸದ ಕಣ್ಣಿನ ಮುಂದೆ ಸಣ್ಣದೊಂದು ಪಟ್ಟಿಯನ್ನು ಇಳಿಬಿಟ್ಟುಕೊಳ್ಳುತ್ತಾರೆ. ಕಣ್ಣು ತೆರೆದೇ ಇರುತ್ತದೆ, ಗೊಂದಲ ಇರುವುದಿಲ್ಲ.

ಸೈಟು ಜೋಡಿಯಾಯಿತು, ಕಣ್ಣೂ ನೆಟ್ಟಿತು. ಉಳಿದದ್ದು ಬೆರಳಿನ ಕೆಲಸ. ನಿಯಮದಂತೆ ಏರ್ ಪಿಸ್ತೂಲಿನ ಟ್ರಿಗರ್ ಎಳೆಯಲು ಕನಿಷ್ಠ 500 ಗ್ರಾಂ ತೂಕದಷ್ಟು ಬಲ ಬೇಕು. ಪಿಸ್ತೂಲಿನ ತೂಕವೇ ಹೆಚ್ಚು ಕಡಿಮೆ ಒಂದು ಕಿಲೋ. ಅಂದರೆ ಪಿಸ್ತೂಲಿನ ಅರ್ಧ ತೂಕದಷ್ಟು ಬಲವನ್ನು ಒಂದು ಬೆರಳು ಹಾಕಬೇಕು. ಆ ಬಲ ನೇರ ಹಿಂದಕ್ಕೆ ಬಿದ್ದರೆ ಅಂಗೈ ಅದನ್ನು ತಡೆದುಕೊಳ್ಳುತ್ತದೆ. ಒಂದಿಷ್ಟು ಓರೆಯಾದರೂ ಪಿಸ್ತೂಲು ತಿರುಗುತ್ತದೆ, ಸೈಟು ಜೋಡಣೆ ಕೆಡುತ್ತದೆ. ಬಲಗೈಯವರ ಗುಂಡುಗಳು ಪದೇ ಪದೇ ಎಡಕ್ಕೆ ಕೆಳಗೆ ಬೀಳುತ್ತಿದ್ದರೆ ‘ಟ್ರಿಗರನ್ನು ಜಗ್ಗುತ್ತಿದ್ದಾನೆ’ ಎಂದು ತರಬೇತುದಾರರು ಮೊದಲು ಅನುಮಾನಿಸುವುದು ಇದಕ್ಕೇ. ಹಸುವಿನ ಕೆಚ್ಚಲಿನಿಂದ ಹಾಲು ಹಿಂಡುವಂತೆ ಇಡೀ ಕೈಯನ್ನು ಹಿಸುಕಬಾರದು. ಬೆರಳಿನ ತುದಿಯೊಂದೇ ನಿಧಾನವಾಗಿ, ಒಂದೇ ಸಮನೆ ಒತ್ತಬೇಕು. ಗುಂಡು ಹಾರಿದ ಮೇಲೂ ಒಂದೆರಡು ಸೆಕೆಂಡು ಸೈಟನ್ನು ನೋಡುತ್ತಲೇ ಇರಬೇಕು. ಗುಂಡು ನಳಿಗೆಯನ್ನು ಬಿಡುವ ಮೊದಲೇ ಕೈ ಸಡಿಲವಾದರೆ ಅದುವರೆಗಿನ ಶ್ರಮವೆಲ್ಲ ವ್ಯರ್ಥ.

ಉಸಿರಾಟದಿಂದ ಎದೆ ಏರಿಳಿದಂತೆ ತೋಳೂ ಏರಿಳಿಯುತ್ತದೆ. ಅರ್ಧ ಉಸಿರು ಬಿಟ್ಟು ತಡೆದು, ಆರೆಂಟು ಸೆಕೆಂಡಿನೊಳಗೆ ಗುಂಡು ಹಾರಿಸುವುದು ವಾಡಿಕೆ. ಅಷ್ಟರಲ್ಲಿ ಆಗದಿದ್ದರೆ ಪಿಸ್ತೂಲು ಇಳಿಸಿ, ಉಸಿರಾಡಿ, ಮತ್ತೆ ಎತ್ತಬೇಕು. ತಡೆದಷ್ಟೂ ತೋಳು ನಡುಗುತ್ತದೆ, ಕಣ್ಣು ಮಂಜಾಗುತ್ತದೆ. ಸ್ಪರ್ಧೆಯಲ್ಲಿ 60 ಗುಂಡುಗಳಿಗೆ 75 ನಿಮಿಷ ಸಿಗುತ್ತದೆ, ಅಂದರೆ ಒಂದೊಂದಕ್ಕೆ 75 ಸೆಕೆಂಡು. ಅವಸರಕ್ಕೆ ಕಾರಣವೇ ಇಲ್ಲ.

ಅಭ್ಯಾಸ ಹೇಗೆ? ತರಬೇತುದಾರರು ಹೊಸಬರಿಗೆ ಮೊದಲು ಗುಂಡಿಲ್ಲದ ಪಿಸ್ತೂಲು ಕೊಟ್ಟು ಖಾಲಿ ಬಿಳಿ ಗೋಡೆಯ ಮುಂದೆ ನಿಲ್ಲಿಸುತ್ತಾರೆ. ಗುರಿಯೇ ಇಲ್ಲದ ಮೇಲೆ ಕಣ್ಣು ಅತ್ತ ಓಡುವ ಪ್ರಶ್ನೆಯಿಲ್ಲ. ಟ್ರಿಗರ್ ‘ಟಿಕ್’ ಎಂದಾಗ ಸೈಟು ಅಲುಗಿತೇ ಇಲ್ಲವೇ ಎಂಬುದು ನಿಚ್ಚಳವಾಗಿ ಕಾಣುತ್ತದೆ. ಖರ್ಚಿಲ್ಲದ ಈ ಅಭ್ಯಾಸವನ್ನು ಒಲಿಂಪಿಕ್ ಮಟ್ಟದ ಶೂಟರ್‌ಗಳೂ ಬಿಟ್ಟಿಲ್ಲ. ಆಮೇಲೆ ಫಲಕಕ್ಕೆ ಹೊಡೆಯುವಾಗ ಅಂಕಕ್ಕಿಂತ ಗುಂಪನ್ನು ನೋಡಬೇಕು. ಹತ್ತು ಗುಂಡು ಒಂದೇ ಕಡೆ ಒತ್ತಾಗಿ ಬಿದ್ದು, ಆ ಗುಂಪು ಕೇಂದ್ರದಿಂದ ದೂರವಿದ್ದರೆ ಬೇಸರ ಬೇಡ. ಹಿಂದಿನ ಸೈಟಿನ ತಿರುಪು ತಿರುಗಿಸಿ ಗುಂಪನ್ನು ಕೇಂದ್ರಕ್ಕೆ ತರಬಹುದು. ಗುಂಡುಗಳು ಎಲ್ಲೆಡೆ ಚೆಲ್ಲಾಡಿದ್ದರೆ ಯಾವ ತಿರುಪೂ ಸರಿಮಾಡದು. ಪ್ರಯೋಗಶಾಲೆಯ ಅಳತೆಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಎಚ್ಚರಿಕೆಯ ಮಾತೂ ಅಗತ್ಯ. ಏರ್ ಪಿಸ್ತೂಲು ಆಟಿಕೆಯಲ್ಲ, ಅದರ ಗುಂಡು ಕಣ್ಣನ್ನೇ ಕಳೆಯಬಲ್ಲದು. ನಳಿಗೆ ಎಂದೂ ಮನುಷ್ಯರತ್ತ ತಿರುಗಬಾರದು. ಗುರಿ ಹಿಡಿಯುವ ತನಕ ಬೆರಳು ಟ್ರಿಗರಿನ ಹೊರಗಿರಬೇಕು. ಖಾಲಿಯೆಂದು ಗೊತ್ತಿದ್ದರೂ ತುಂಬಿದೆ ಎಂದೇ ಭಾವಿಸಬೇಕು. ಕಲಿಕೆ ತರಬೇತುದಾರರ ಸಮ್ಮುಖದಲ್ಲಿ, ಶೂಟಿಂಗ್ ರೇಂಜಿನಲ್ಲೇ ನಡೆಯಬೇಕು. ಗುಂಡು ಸೀಸದ್ದಾದ್ದರಿಂದ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ತಿಂಡಿ ಮುಟ್ಟಬಾರದು.

ಇನ್ನು ತಂದೆತಾಯಿಯರಿಗೆ. ಮಗು ಪ್ರತಿ ಗುಂಡಿನ ನಂತರ ಹಿಂದೆ ತಿರುಗಿ ಅಪ್ಪನ ಮುಖ ನೋಡುವುದು, ಅಪ್ಪ ಏಳು ಬಿತ್ತೆಂದು ತುಟಿ ಕಚ್ಚುವುದು ರೇಂಜುಗಳಲ್ಲಿ ಕಾಣದ ದೃಶ್ಯವೇನಲ್ಲ. ಮುಂದಿನ ಗುಂಡಿಗೆ ಆ ಮಗುವಿನ ಕಣ್ಣು ಸೈಟನ್ನು ಬಿಟ್ಟು ಫಲಕದತ್ತ ಓಡುತ್ತದೆ, ಹತ್ತು ಎಲ್ಲಿದೆ ಎಂದು ಹುಡುಕುತ್ತದೆ. ಹುಡುಕಿದ ಆ ಅರೆಕ್ಷಣದಲ್ಲೇ ಮಣಿಕಟ್ಟು ಒಂದು ಮಿಲಿಮೀಟರ್ ವಾಲಿರುತ್ತದೆ. ಏಳು ಬೀಳಬಾರದೆಂಬ ಆತಂಕವೇ ಮತ್ತೊಂದು ಏಳನ್ನು ತರುತ್ತದೆ. ಪರೀಕ್ಷೆಯ ಕೊಠಡಿಯಲ್ಲಿ ಫಲಿತಾಂಶ ನೆನೆಯುತ್ತ ಎದುರಿನ ಪ್ರಶ್ನೆಯನ್ನೇ ತಪ್ಪಾಗಿ ಓದುವ ವಿದ್ಯಾರ್ಥಿಯ ಪಾಡೂ ಇದೇ ಅಲ್ಲವೇ?

2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನಲ್ಲಿ ಮನು ಭಾಕರ್ ಅವರ ಪಿಸ್ತೂಲೇ ಕೆಟ್ಟು ಅಮೂಲ್ಯ ನಿಮಿಷಗಳು ಹೋದವು, ಫೈನಲ್ ಕೈತಪ್ಪಿತು. ಮೂರು ವರ್ಷಗಳ ನಂತರ ಪ್ಯಾರಿಸ್‌ನ ಅರ್ಹತಾ ಸುತ್ತಿನಲ್ಲಿ ಅವರು ಗಳಿಸಿದ್ದು 600ಕ್ಕೆ 580. ಅಂದರೆ ಕಂಚು ಗೆದ್ದವರೂ 60 ಗುಂಡುಗಳಲ್ಲಿ 20 ಅಂಕ ಕಳೆದುಕೊಂಡಿದ್ದರು. ಇದನ್ನು ತಿಳಿದ ತಾಯಿ, ಮನೆಗೆ ಬಂದ ಮಗಳನ್ನು ‘ಎಷ್ಟು ಬಂತು?’ ಎಂದು ಕೇಳುವ ಬದಲು ‘ಸೈಟು ಚೆನ್ನಾಗಿ ಕಂಡಿತೇನಮ್ಮ?’ ಎಂದು ಕೇಳಿದರೆ ಅದಕ್ಕಿಂತ ದೊಡ್ಡ ತರಬೇತಿ ಇಲ್ಲ.

ವಿದ್ಯಾರ್ಥಿಗಳಿಗೆ ಕೊನೆಯಲ್ಲೊಂದು ಲೆಕ್ಕ. 25 ಮೀಟರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಸೈಟುಗಳ ನಡುವಣ ದೂರ 22 ಸೆಂ.ಮೀ. ಮೀರುವಂತಿಲ್ಲ. ಅಲ್ಲಿ ಒಂದು ಮಿಲಿಮೀಟರ್ ಜೋಡಣೆ ತಪ್ಪಿದರೆ ಗುಂಡು ಎಷ್ಟು ದೂರ ಸರಿದೀತು? ಸಮರೂಪ ತ್ರಿಭುಜಗಳ ಚಿತ್ರ ಬರೆದೇ ಬಿಡಿಸಬೇಕು. ಉತ್ತರ 11 ಸೆಂಟಿಮೀಟರಿಗಿಂತ ತುಸು ಹೆಚ್ಚು ಬಂದರೆ ಲೆಕ್ಕ ಸರಿ.