ಅಣಶಿಯ ಏರು ಮತ್ತು ಸಹಪಯಣದ ಶಿಕ್ಷಣ

ದೇಹಬಲವನ್ನು ಬೆಳೆಸುವುದು ವಿದ್ಯೆಯ ಒಂದು ಅಂಗವೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಆ ಬಲವನ್ನು ಯಾರೊಡನೆ, ಯಾವ ರೀತಿಯಲ್ಲಿ ವಿನಿಯೋಗಿಸಬೇಕೆಂಬ ಪ್ರಶ್ನೆ ಶಾಲೆಗಳ ಆಟದ ಬಯಲಿನಲ್ಲಿ ಏಳುವುದು ವಿರಳ. ಮೊದಲು ಗೆರೆ ಮುಟ್ಟಿದ ವಿದ್ಯಾರ್ಥಿಗೆ ಬಹುಮಾನವುಂಟು. ಹಿಂದುಳಿದ ಸಂಗಾತಿಗಾಗಿ ಕಾದು ಕರೆತಂದವನಿಗೆ ಯಾವ ಬಹುಮಾನವೂ ಇಲ್ಲ. ದಂಪತಿಗಳು ಜೊತೆಗೂಡಿ ಸೈಕಲ್ಲಿನ ಮೇಲೆ ಬೆಟ್ಟದ ದಾರಿಯನ್ನು ಕ್ರಮಿಸುವ ಸಾಹಸವು ಈ ಪದ್ಧತಿಯನ್ನು ಮರುವಿಚಾರ ಮಾಡಲು ತಕ್ಕ ನಿದರ್ಶನವಾಗಿದೆ.

ಜೋಯಿಡಾ ತಾಲೂಕಿನ ಅಣಶಿ ಇಂತಹ ಸಾಹಸವನ್ನು ಒರೆಗೆ ಹಚ್ಚುವ ಸ್ಥಳ. ಕಾಳಿ ನದಿಯ ದಡದ ಕದ್ರಾದಿಂದ ಮೇಲೇರುವ ಘಟ್ಟದ ರಸ್ತೆ ದಟ್ಟವಾದ ಕಾಡಿನ ನಡುವೆ ತಿರುವಿನ ಮೇಲೆ ತಿರುವು ಪಡೆಯುತ್ತ ಅಣಶಿಯನ್ನು ಸೇರುತ್ತದೆ. ಅಲ್ಲಿಂದ ಕುಂಬಾರವಾಡೆಯ ಮೂಲಕ ಜೋಯಿಡಾದತ್ತ ಸಾಗುತ್ತದೆ. ಮಳೆಗಾಲದಲ್ಲಿ ಇಲ್ಲಿಯ ಮಣ್ಣು ಮನುಷ್ಯನ ಲೆಕ್ಕಾಚಾರಕ್ಕೆ ನಿಲುಕುವುದಿಲ್ಲ. 2021ರ ಜುಲೈ ತಿಂಗಳಲ್ಲಿ ಗುಡ್ಡ ಕುಸಿದು ಈ ಘಟ್ಟದ ಸಂಚಾರವೇ ಸ್ಥಗಿತಗೊಂಡಿತ್ತು. ಏರಿನಲ್ಲಿ ಉಸಿರು ಸಾಲದು. ಇಳಿಜಾರಿನಲ್ಲಿ ಬ್ರೇಕು ಕಾಯ್ದು ಕೈ ಸೋಲುತ್ತದೆ. ಇಂತಹ ದಾರಿಯಲ್ಲಿ ಇಬ್ಬರ ಶಕ್ತಿ ಸಮವಾಗಿರುವುದು ಅಪರೂಪ. ಬಲವುಳ್ಳವರು ತಮ್ಮ ವೇಗದಲ್ಲಿ ಮುಂದೆ ಹೋದರೆ, ಹಿಂದಿನವರು ಅವರನ್ನು ಹಿಡಿಯುವ ಆತುರದಲ್ಲಿ ಬೇಗನೆ ಬಳಲುತ್ತಾರೆ. ಕೊನೆಗೆ ಇಬ್ಬರೂ ತಡವಾಗಿ ತಲುಪುತ್ತಾರೆ. ನಿಧಾನವಾದವರ ಉಸಿರಿಗೆ ಹೊಂದಿಸಿ ನಡೆದರೆ ಮಾತ್ರ ದಿನದ ಪಯಣ ದಡ ಸೇರುತ್ತದೆ.

ಈ ತತ್ತ್ವವನ್ನು ನಿಯಮವನ್ನಾಗಿ ಮಾಡಿಕೊಂಡ ಸ್ಪರ್ಧೆಯೊಂದು ದಕ್ಷಿಣ ಆಫ್ರಿಕೆಯಲ್ಲಿದೆ. 2004ರಲ್ಲಿ ಆರಂಭವಾದ ಕೇಪ್ ಎಪಿಕ್ ಎಂಬ ಬೆಟ್ಟದ ಸೈಕಲ್ ಸ್ಪರ್ಧೆ ಎಂಟು ದಿನಗಳದು. ಸವಾರರು ಜೋಡಿಯಾಗಿಯೇ ಭಾಗವಹಿಸಬೇಕು. ಸ್ತ್ರೀಪುರುಷರ ಮಿಶ್ರ ಜೋಡಿಗಳಿಗೂ ಅಲ್ಲಿ ಪ್ರತ್ಯೇಕ ವಿಭಾಗವುಂಟು. ಜೊತೆಗಾರರ ನಡುವಣ ಅಂತರ ಎರಡು ನಿಮಿಷಗಳನ್ನು ಮೀರಿದರೆ ದಂಡ ತೆರಬೇಕು. ಅಂದಮೇಲೆ ಅಲ್ಲಿ ಸಂಗಾತಿಯನ್ನು ಬಿಟ್ಟು ಮುಂದೆ ಓಡುವುದು ಶೌರ್ಯವಲ್ಲ, ಅಪರಾಧ.

ಇದೇನೂ ನೂತನ ಸಾಹಸವಲ್ಲ. ಅಮೆರಿಕದ ಫ್ಯಾನಿ ಬುಲಕ್ ವರ್ಕ್‌ಮನ್ ಮತ್ತು ಆಕೆಯ ಪತಿ, ವೈದ್ಯರಾದ ವಿಲಿಯಂ ಹಂಟರ್ ವರ್ಕ್‌ಮನ್, ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಸೈಕಲ್ಲಿನ ಮೇಲೆ ಭಾರತವನ್ನು ಸುತ್ತಿದರು. ಹದಿನಾಲ್ಕು ಸಾವಿರ ಮೈಲಿಗಳ ಆ ಪ್ರವಾಸದ ಗ್ರಂಥವನ್ನು 1904ರಲ್ಲಿ ಪ್ರಕಟಿಸಿದರು. ಮುಂದೆ ಕಾರಕೋರಂ ಪರ್ವತಗಳಿಗೆ ಹೋದಾಗ, ಒಂದು ಯಾತ್ರೆಯ ಮುಂದಾಳುತನವನ್ನು ಒಬ್ಬರು ವಹಿಸಿದರೆ ಇನ್ನೊಬ್ಬರು ಅದರ ವ್ಯವಸ್ಥೆಯ ಹೊಣೆ ಹೊರುತ್ತಿದ್ದರು. ಮರುಯಾತ್ರೆಯಲ್ಲಿ ಸ್ಥಾನಗಳು ಬದಲಾಗುತ್ತಿದ್ದವು. 1912ರಲ್ಲಿ ಸಿಯಾಚಿನ್ ಪ್ರದೇಶದ ಹಿಮದ ಮೇಲೆ ನಿಂತು, ಸ್ತ್ರೀಯರಿಗೆ ಮತಾಧಿಕಾರ ಬೇಕೆಂದು ಸಾರುವ ಪತ್ರಿಕೆಯನ್ನು ಹಿಡಿದು ಆಕೆ ಚಿತ್ರ ತೆಗೆಸಿಕೊಂಡಳು. ಆದರೆ ಪರಸ್ಪರ ಇಷ್ಟು ಗೌರವ ತೋರಿದ ಆ ದಂಪತಿಗಳು ತಮ್ಮ ಹೊರೆ ಹೊತ್ತ ಸ್ಥಳೀಯ ಕೂಲಿಗಳ ಕಷ್ಟವನ್ನು ಅರಿಯಲಿಲ್ಲವೆಂಬ ಆಕ್ಷೇಪಣೆಯೂ ಉಳಿದಿದೆ. ಇಬ್ಬರ ಸಾಮರಸ್ಯವು ಮೂರನೆಯವನ ಬೆನ್ನಿನ ಮೇಲೆ ನಿಲ್ಲಬಾರದು.

ಶರಣರ ನಾಡಿಗೆ ಈ ಪಾಠವನ್ನು ಪರದೇಶಗಳೇ ಕಲಿಸಬೇಕಾಗಿಲ್ಲ. ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಮರಳಿ ಸುರಿದುಬರಲು ಹೇಳಿದವರು ಆಯ್ದಕ್ಕಿ ಲಕ್ಕಮ್ಮನವರು. ಅಲ್ಲಿ ದಾರಿ ತೋರಿದವಳು ಸತಿ, ತಿದ್ದಿಕೊಂಡವನು ಪತಿ. ನೇಯ್ಗೆಯ ಕಾಯಕದ ಜೇಡರ ದಾಸಿಮಯ್ಯ ಮತ್ತು ದುಗ್ಗಳೆಯರ ಬಾಳೂ ಅಂತಹುದೇ. ಚೆನ್ನಬಸವಣ್ಣನವರ ಸಮಾಧಿಯಿರುವ ಉಳವಿ ಈ ಜೋಯಿಡಾ ತಾಲೂಕಿನಲ್ಲಿಯೇ ಇದೆ. ಜಾತ್ರೆಯ ಕಾಲದಲ್ಲಿ ಧಾರವಾಡ, ಬೆಳಗಾವಿ ಕಡೆಯ ರೈತ ಕುಟುಂಬಗಳು ಚಕ್ಕಡಿ ಕಟ್ಟಿಕೊಂಡು ಕಾಡುದಾರಿಯಲ್ಲಿ ಅಲ್ಲಿಗೆ ಬರುತ್ತವೆ. ಜೋಡೆತ್ತುಗಳಲ್ಲಿ ಒಂದು ಮುಂದೆ ಜಗ್ಗಿದರೆ ಚಕ್ಕಡಿ ಹಳಿ ತಪ್ಪುತ್ತದೆಂಬುದನ್ನು ಆ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಂತಹ ಸಾಹಸ ಉಳ್ಳವರ ವಿಲಾಸವೆಂದು ಕೆಲವರು ಹೇಳಬಹುದು. ಬೆಲೆಬಾಳುವ ಸೈಕಲ್ಲುಗಳನ್ನು ನೋಡಿದಾಗ ಆ ಮಾತು ಪೂರ್ಣ ಸುಳ್ಳೆನಿಸದು. ಆದರೆ ಸೈಕಲ್ಲು ಬಡವರ ವಾಹನವೂ ಹೌದು. 2006-07ರಲ್ಲಿ ಕರ್ನಾಟಕ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚಲು ತೊಡಗಿದಾಗ, ದೂರದ ಹಳ್ಳಿಗಳ ಎಷ್ಟೋ ಹೆಣ್ಣುಮಕ್ಕಳಿಗೆ ಪ್ರೌಢಶಾಲೆಯ ಬಾಗಿಲು ಸಮೀಪವಾಯಿತು. ಇನ್ನು ಅರಣ್ಯದ ವಿಚಾರ. ಅಣಶಿಯ ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. ಇಂದು ಅದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಭಾಗ. ಅನುಮತಿಯಿಲ್ಲದೆ ಒಳದಾರಿಗಳಲ್ಲಿ ಸೈಕಲ್ ನುಗ್ಗಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧ. ಸಾರ್ವಜನಿಕ ರಸ್ತೆ, ಹಗಲಿನ ವೇಳೆ, ಮಳೆ ನಿಂತ ಮೇಲಿನ ತಿಂಗಳುಗಳು—ಈ ಎಲ್ಲೆಯೊಳಗೆ ಸಾಹಸ ನಡೆಯಬೇಕು. ಅಡವಿಯ ಜೀವಿಗಳಿಗೂ, ಅಲ್ಲಿ ಬಾಳುವ ಕುಣಬಿ, ಗೌಳಿ ಜನರಿಗೂ ಉಪದ್ರವವಾಗುವ ಸಾಧನೆ ಸಾಧನೆಯೆನಿಸದು.

ಆದ್ದರಿಂದ ಶಿಕ್ಷಕರು ವಾರ್ಷಿಕ ಕ್ರೀಡೆಗಳಲ್ಲಿ ಜೋಡಿ ಸೈಕಲ್ ಪಯಣವೊಂದನ್ನು ಸೇರಿಸುವುದು ಯೋಗ್ಯ. ಅಣ್ಣ ತಂಗಿ, ತಾಯಿ ಮಗ, ಹಳೆಯ ವಿದ್ಯಾರ್ಥಿ ದಂಪತಿಗಳು—ಯಾರಾದರೂ ಜೋಡಿಯಾಗಬಹುದು. ಹಿಂದಿನವರು ಬಂದ ವೇಳೆಯೇ ಜೋಡಿಯ ವೇಳೆಯೆಂದು ಎಣಿಸಬೇಕು. ದಾನಿಗಳು ಬೆಳ್ಳಿಯ ಬಟ್ಟಲುಗಳಿಗೆ ಬದಲು ಹೆಣ್ಣುಮಕ್ಕಳಿಗೆ ನಾಲ್ಕಾರು ಗಟ್ಟಿಮುಟ್ಟಾದ ಸೈಕಲ್ಲುಗಳನ್ನೂ ತಲೆಗವಚಗಳನ್ನೂ ಒದಗಿಸಿದರೆ, ಆ ದಾನ ವರ್ಷವಿಡೀ ದುಡಿಯುತ್ತದೆ. ದಾಸೋಹವು ಅನ್ನದ ಪಂಕ್ತಿಯಲ್ಲಿ ಯಾರನ್ನೂ ಹಿಂದೆ ಬಿಡುವುದಿಲ್ಲ. ಅದೇ ಧರ್ಮ ಆಟದ ಬಯಲಿಗೂ ಬಂದಾಗ ಮಠದ ಶಾಲೆಯ ಶಿಕ್ಷಣ ತನ್ನ ಹೆಸರಿಗೆ ಅನ್ವರ್ಥವಾಗುವುದು.