ಫಾರ್ಮ್ಯಾಟ್ ಹೊಡೆಯುವ ಮುನ್ನ ಕನ್ನಡದಲ್ಲಿ ಉತ್ತರ ಕೊಡಿ!



ನಮ್ಮ ನಾಡಿನಲ್ಲಿ ಮನೆಯ ಕಂಪ್ಯೂಟರ್ ಕೆಟ್ಟರೆ ಒಂದೇ ಒಂದು ಔಷಧವಿದೆ. ಅದರ ಹೆಸರು ಫಾರ್ಮ್ಯಾಟ್! ಜ್ವರಕ್ಕೂ ಅದೇ, ಕಾಲು ಉಳುಕಿದರೂ ಅದೇ, ಕಣ್ಣು ಮಂಜಾದರೂ ಅದೇ. ರಿಪೇರಿಯವನು ಬಂದು ಗುಂಡಿ ಒತ್ತುತ್ತಾನೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬರುತ್ತದೆ, ಅಥವಾ ಏನೂ ಬರುವುದಿಲ್ಲ. ಅವನು ತಲೆ ಕೆರೆದುಕೊಂಡು, "ಸಿಸ್ಟಮ್ ಕರಪ್ಟ್ ಆಗಿದೆ ಸರ್, ಫಾರ್ಮ್ಯಾಟ್ ಹೊಡೀಬೇಕು" ಎನ್ನುತ್ತಾನೆ. ಮನೆಯ ಯಜಮಾನ ತಲೆಯಾಡಿಸುತ್ತಾನೆ. ಮಗುವಿನ ನಾಮಕರಣದ ಫೋಟೋ, ಮಗಳ ಪ್ರಾಜೆಕ್ಟು, ಜಮೀನಿನ ಕಾಗದದ ಸ್ಕ್ಯಾನು, ಹತ್ತು ವರ್ಷದ ಲೆಕ್ಕ, ಎಲ್ಲವೂ ಅರ್ಧ ಗಂಟೆಯಲ್ಲಿ ಮಣ್ಣುಪಾಲು!

ಯಾಕೆ ತಲೆಯಾಡಿಸಿದೆವು? ಪರದೆಯ ಮೇಲಿದ್ದ ಸಾಲು ನಮಗೆ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲ ಎಂದು ಹೇಳಿಕೊಳ್ಳಲು ನಾಚಿಕೆ. ಈ ನಾಚಿಕೆಯೇ ಅವರ ಬಂಡವಾಳ!

ನಾನು ಪಿಯುಸಿ ಓದಿದವನು. ಎಂಜಿನಿಯರ್ ಅಲ್ಲ. ಆದರೆ ಮುದ್ರಣಾಲಯ ನಡೆಸುವವನಿಗೆ ಕಂಪ್ಯೂಟರ್ ನಿಂತರೆ ಅನ್ನ ನಿಂತ ಹಾಗೆ. ಲಗ್ನಪತ್ರಿಕೆಯ ಮುಹೂರ್ತ ನನ್ನ ಯಂತ್ರಕ್ಕೋಸ್ಕರ ಮುಂದಕ್ಕೆ ಹೋಗುವುದಿಲ್ಲ. ಹೀಗಾಗಿ ಮುಚ್ಚಳ ತೆಗೆದು ನೋಡಲು ಕಲಿತೆ. ಕಲಿತ ಮೇಲೆ ಗೊತ್ತಾಯಿತು: ಇದರಲ್ಲಿ ಬ್ರಹ್ಮವಿದ್ಯೆ ಏನೂ ಇಲ್ಲ. ಅಪ್ಪನ ಕಾಲದ ಟ್ರೆಡಲ್ ನಿಂತರೆ ರೋಲರೋ, ಬೆಲ್ಟೋ, ಬೋಲ್ಟೋ ಎಂದು ಒಂದೊಂದಾಗಿ ನೋಡುತ್ತಿದ್ದರಲ್ಲ, ಇಲ್ಲೂ ಅದೇ ದಾರಿ. ರೋಲರ್ ಸವೆದಿದೆ ಎಂದು ಯಾರೂ ಗ್ಯಾಲಿಯಲ್ಲಿದ್ದ ಮೊಳೆಗಳನ್ನೆಲ್ಲ ಎತ್ತಿ ಚರಂಡಿಗೆ ಸುರಿಯುತ್ತಿರಲಿಲ್ಲ!

ಒಬ್ಬ ಮೇಷ್ಟ್ರಿಗೆ ಆದ ಅನ್ಯಾಯ

ನಮ್ಮ ಪ್ರೆಸ್ಸಿಗೆ ಬರುವ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಊರಿನ ಚರಿತ್ರೆ ಬರೆಯುತ್ತಿದ್ದರು. ವೀರಗಲ್ಲು, ಕೆರೆ, ಜಾತ್ರೆ, ಹಳಬರ ಬಾಯಲ್ಲಿದ್ದ ಮಾತು, ಎಲ್ಲವನ್ನೂ ನಾಲ್ಕು ವರ್ಷ ನುಡಿಯಲ್ಲಿ ತಾವೇ ಟೈಪು ಮಾಡಿಟ್ಟಿದ್ದರು. ಒಂದು ದಿನ ಕಂಪ್ಯೂಟರಿನ ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪು. ಅಂಗಡಿಗೆ ಹೊತ್ತರು. ಮೂರು ದಿನ ಬಿಟ್ಟು ಬಿಲ್ಲು ಬಂತು. ಅದರಲ್ಲಿ ಎರಡು ಬಾಬ್ತು: ಹೊಸ ರ‍್ಯಾಮ್ ಒಂದು, ಫಾರ್ಮ್ಯಾಟ್ ಮತ್ತು ವಿಂಡೋಸ್ ಒಂದು. ನಾಲ್ಕು ವರ್ಷದ ಬರಹ ನಿರ್ನಾಮ. ಕೇಳಿದರೆ, "ಬ್ಯಾಕಪ್ ಇಟ್ಟುಕೊಳ್ಳಬೇಕಿತ್ತು ಅಂಕಲ್" ಎಂಬ ಉತ್ತರ!

ಓದುಗರೇ, ಆ ಬಿಲ್ಲನ್ನು ಇನ್ನೊಮ್ಮೆ ನೋಡಿ. ಪರದೆ ಹೊತ್ತದ ಯಂತ್ರವನ್ನು ಫಾರ್ಮ್ಯಾಟ್ ಮಾಡಲು ಸಾಧ್ಯವೇ? ಪರದೆ ಕಂಡರೆ ತಾನೆ ಒತ್ತುವುದು? ಅಂದರೆ ರ‍್ಯಾಮ್ ಬದಲಿಸಿದಾಗಲೇ ಕಾಯಿಲೆ ವಾಸಿಯಾಗಿತ್ತು. ಫಾರ್ಮ್ಯಾಟ್ ಹೊಡೆದದ್ದು ಅದರ ನಂತರ! ಕಾಲಿನ ಮುಳ್ಳು ತೆಗೆದ ಮೇಲೆ, ಇರಲಿ ಅಂತ ತಲೆಯನ್ನೂ ಬೋಳಿಸಿ ಎರಡಕ್ಕೂ ದುಡ್ಡು ಕೇಳಿದ ಹಾಗೆ. ಈ ಒಂದು ಪ್ರಶ್ನೆ ಕೇಳುವಷ್ಟು ತಿಳಿವಳಿಕೆ ಕನ್ನಡದಲ್ಲಿ ಸಿಕ್ಕಿದ್ದರೆ ಒಂದು ಊರಿನ ಚರಿತ್ರೆ ಉಳಿಯುತ್ತಿತ್ತು.

ಇಡೀ ಜಗತ್ತೇ ನಿಂತ ದಿನ ಏನು ಮಾಡಿದರು?

2024ರ ಜುಲೈ 19 ನೆನಪಿದೆಯೇ? ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಭದ್ರತಾ ಕಂಪನಿ ಒಂದು ದೋಷದ ಫೈಲು ಕಳಿಸಿತು. ಜಗತ್ತಿನಾದ್ಯಂತ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಏಳಲಾರದೆ ಬಿದ್ದವು. ಸುಮಾರು 85 ಲಕ್ಷ ಎಂದು ಮೈಕ್ರೋಸಾಫ್ಟ್ ತಾನೇ ಅಂದಾಜು ಕೊಟ್ಟಿತು. ನಮ್ಮ ದೇಶದಲ್ಲಿ ವಿಮಾನ ಹತ್ತುವವರಿಗೆ ಕೈಯಲ್ಲಿ ಬರೆದ ಚೀಟಿ ಕೊಟ್ಟು ಕಳಿಸಿದರು. ಆಗ ಆ ದೊಡ್ಡವರು ತಮ್ಮ ಯಂತ್ರಗಳನ್ನೆಲ್ಲ ಫಾರ್ಮ್ಯಾಟ್ ಹೊಡೆದರೇ? ಇಲ್ಲ! ಅಧಿಕೃತವಾಗಿ ಹೇಳಿಕೊಟ್ಟ ಪರಿಹಾರ ಇಷ್ಟೇ: ಸೇಫ್ ಮೋಡಿನಲ್ಲಿ ಎಬ್ಬಿಸಿ, ಆ ಒಂದು ಕೆಟ್ಟ ಫೈಲು ಅಳಿಸಿ, ಮತ್ತೆ ಚಾಲೂ ಮಾಡಿ. ದೊಡ್ಡವರ ಮಾಹಿತಿಗೆ ಬೆಲೆಯಿದೆ, ಹುಷಾರಾಗಿ ಮುಟ್ಟುತ್ತಾರೆ. ನಮ್ಮ ನಿಮ್ಮ ಮನೆಯ ಮಾಹಿತಿ ಮಾತ್ರ ಕಸವೇ?

ಕನ್ನಡದಲ್ಲಿ ಕೇಳಿ, ಇಷ್ಟೇ ವಿಷಯ

ಕಂಪ್ಯೂಟರ್ ಏಳುವುದು ನಾಲ್ಕು ಮೆಟ್ಟಿಲಲ್ಲಿ. ಎಲ್ಲಿ ನಿಂತಿದೆ ಎಂದು ಕಂಡುಕೊಂಡರೆ ಅರ್ಧ ಕೆಲಸ ಆಯಿತು.

ಮೊದಲ ಮೆಟ್ಟಿಲು ಕರೆಂಟು. ದೀಪವಿಲ್ಲ, ಫ್ಯಾನು ತಿರುಗುವುದಿಲ್ಲ ಎಂದರೆ ವಿಂಡೋಸಿಗೂ ಇದಕ್ಕೂ ಸಂಬಂಧವೇ ಇಲ್ಲ. ಅದೇ ಪ್ಲಗ್ಗಿಗೆ ಟೇಬಲ್ ಲ್ಯಾಂಪು ಹಾಕಿ ನೋಡಿ. ಯುಪಿಎಸ್ ಬ್ಯಾಟರಿ ಸತ್ತಿರಬಹುದು, ಅದನ್ನು ಬಿಟ್ಟು ನೇರ ಗೋಡೆಗೆ ಹಾಕಿ. ಡಬ್ಬದ ಹಿಂದೆ, ವೈರು ಸೇರುವಲ್ಲಿ ಒಂದು ಸ್ವಿಚ್ ಇರುತ್ತದೆ. ಕಸ ಗುಡಿಸುವಾಗ ಕೈ ತಗುಲಿ ಆಫ್ ಆಗಿರುತ್ತದೆ. ಇಷ್ಟಾದರೂ ಇಲ್ಲವೆಂದರೆ ಎಸ್ಎಂಪಿಎಸ್ ಮೇಲೆ ಅನುಮಾನ. ಮನೆಯ 230 ವೋಲ್ಟನ್ನು 12, 5, 3.3 ವೋಲ್ಟಿಗೆ ಇಳಿಸಿ ಕೊಡುವ ಪೆಟ್ಟಿಗೆ ಅದು. ಬದಲಿಸಬಹುದು, ಆದರೆ ಆ ಪೆಟ್ಟಿಗೆಯನ್ನು ಮಾತ್ರ ನೀವು ಬಿಚ್ಚಬೇಡಿ. ವೈರು ಕಿತ್ತ ಮೇಲೂ ಅದರ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆ, ಹೊಡೆಯುತ್ತದೆ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಕಿತ್ತು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಮತ್ತೆ ಚಾರ್ಜರ್ ಹಾಕಿ ನೋಡಿ. ಎಷ್ಟೋ ಸಲ ಅಷ್ಟಕ್ಕೇ ಎದ್ದು ಕೂರುತ್ತದೆ.

ಎರಡನೆಯ ಮೆಟ್ಟಿಲು ಮೈ ತಪಾಸಣೆ. ಕಂಪ್ಯೂಟರ್ ಎದ್ದ ಕೂಡಲೇ ತನ್ನ ಕೈಕಾಲು ತಾನೇ ಮುಟ್ಟಿ ನೋಡಿಕೊಳ್ಳುತ್ತದೆ. ಫ್ಯಾನು ತಿರುಗಿಯೂ ಪರದೆ ಕಪ್ಪಾಗಿದ್ದರೆ ಅದು ನಿಂತಿರುವುದು ಇಲ್ಲಿ. ಮೊದಲು ಮಾನಿಟರಿನ ವೈರು ನೋಡಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ವೈರು ಅದಕ್ಕೇ ಸೇರಿರಬೇಕು. ಆಮೇಲೆ ರ‍್ಯಾಮ್. ಮಳೆಗಾಲದ ತೇವ, ಧೂಳು, ಗೂಡು ಕಟ್ಟುವ ಇರುವೆ, ಯಾವುದರಿಂದಲೂ ಅದರ ಹೊಳೆಯುವ ಹಲ್ಲುಗಳು ಮಸುಕಾಗಬಹುದು. ವೈರು ಪೂರ್ತಿ ಕಿತ್ತು, ಡಬ್ಬದ ಲೋಹ ಒಮ್ಮೆ ಮುಟ್ಟಿ, ರ‍್ಯಾಮ್ ಪಟ್ಟಿ ತೆಗೆದು, ಮಕ್ಕಳ ರಬ್ಬರಿನಿಂದ ಆ ಹಲ್ಲುಗಳನ್ನು ಮೆಲ್ಲಗೆ ಉಜ್ಜಿ, ಪುಡಿ ಕೊಡವಿ, ಕ್ಲಿಪ್ಪು ಟಕ್ ಎನ್ನುವ ಹಾಗೆ ಕೂರಿಸಿ. ಎರಡು ಪಟ್ಟಿ ಇದ್ದರೆ ಒಂದೊಂದನ್ನೇ ಹಾಕಿ ನೋಡಿ. ಎಷ್ಟೋ "ಮದರ್‌ಬೋರ್ಡ್ ಹೋಗಿದೆ" ಎನ್ನುವ ಮಾತು ಐದು ರೂಪಾಯಿಯ ರಬ್ಬರಿನಲ್ಲಿ ಸುಳ್ಳಾಗುತ್ತದೆ!

ಮೂರನೆಯ ಮೆಟ್ಟಿಲು ಡಿಸ್ಕು ಹುಡುಕುವುದು. ಕಂಪನಿಯ ಚಿಹ್ನೆ ಬಂದು, "ನೋ ಬೂಟಬಲ್ ಡಿವೈಸ್" ಎಂದರೆ ವಿಂಡೋಸ್ ಇರುವ ಡಿಸ್ಕು ಕಾಣುತ್ತಿಲ್ಲ ಎಂದಷ್ಟೇ ಅರ್ಥ. ವಿಂಡೋಸ್ ಸತ್ತಿದೆ ಎಂದಲ್ಲ! ಮೊದಲು ಚುಚ್ಚಿಟ್ಟ ಪೆನ್‌ಡ್ರೈವ್ ಕಿತ್ತು ನೋಡಿ. ಗಡಿಯಾರ ಯಾವುದೋ ಹಳೆಯ ಇಸವಿ ತೋರಿಸುತ್ತಿದ್ದರೆ ಬೋರ್ಡಿನ ಮೇಲಿನ ಬಿಲ್ಲೆ ಬ್ಯಾಟರಿ ಮುಗಿದಿದೆ. ಬಹುಪಾಲು ಬೋರ್ಡುಗಳಲ್ಲಿ ಅದರ ನಂಬರ್ ಸಿಆರ್ 2032. ಕೈಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಡಿಸ್ಕಿನಿಂದ ಕಟ್ ಕಟ್ ಎಂಬ ಸದ್ದು ಬಂದರೆ ತಕ್ಷಣ ಆಫ್ ಮಾಡಿ. ಮತ್ತೆ ಮತ್ತೆ ಚಾಲೂ ಮಾಡಿದಷ್ಟೂ ಒಳಗಿರುವುದು ನಾಶವಾಗುತ್ತದೆ.

ನಾಲ್ಕನೆಯದು ವಿಂಡೋಸ್. ಚಕ್ರ ಸುತ್ತುತ್ತಲೇ ಇದೆ, ಅಥವಾ ದೋಷದ ಪರದೆ ಬಂದು ಮತ್ತೆ ಮೊದಲಿಗೇ ಹೋಗುತ್ತಿದೆ ಎಂದರೆ ಇಲ್ಲಿ ನಿಂತಿದೆ. ಎರಡು ಮೂರು ಸಲ ಏಳಲಾಗದೆ ಬಿದ್ದರೆ ವಿಂಡೋಸ್ ತಾನೇ ರಿಪೇರಿಯ ಪರದೆ ತೆರೆಯುತ್ತದೆ. ಅಲ್ಲಿ ಸೇಫ್ ಮೋಡ್ ಇದೆ, ಕೊನೆಗೆ ಹಾಕಿದ ಅಪ್‌ಡೇಟ್ ತೆಗೆಯುವ ದಾರಿಯಿದೆ, ಹಿಂದಿನ ದಿನದ ಸ್ಥಿತಿಗೆ ಮರಳುವ ದಾರಿಯಿದೆ. ಇವೆಲ್ಲ ಸೋತ ಮೇಲೆ ಕಟ್ಟಕಡೆಗೆ ಫಾರ್ಮ್ಯಾಟ್. ಅದಕ್ಕೂ ಮೊದಲು ಡಿಸ್ಕನ್ನು ಬಿಚ್ಚಿ, ಯುಎಸ್‌ಬಿ ವೈರಿನಲ್ಲಿ ಇನ್ನೊಂದು ಕಂಪ್ಯೂಟರಿಗೆ ಸೇರಿಸಿ, ಫೈಲುಗಳನ್ನು ನಕಲು ಮಾಡಿಕೊಳ್ಳಬಹುದು. ಇದನ್ನು ಮಾಡದೆ ಫಾರ್ಮ್ಯಾಟ್ ಹೊಡೆಯುವವನು ರಿಪೇರಿಯವನಲ್ಲ, ಕಸಾಯಿ!

ಒಂದು ಎಚ್ಚರಿಕೆ. ಈಚಿನ ಯಂತ್ರಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಬೀಗ ನಿಮಗೆ ಗೊತ್ತಿಲ್ಲದೆಯೇ ಬಿದ್ದಿರಬಹುದು. ಅದರ ಕೀಲಿ 48 ಅಂಕಿಗಳದ್ದು. ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಯಂತ್ರ ಚೆನ್ನಾಗಿರುವಾಗಲೇ ಅದನ್ನು ಕಾಗದದ ಮೇಲೆ ಇಳಿಸಿ ಬೀರುವಿನಲ್ಲಿಡಿ. ಕೀಲಿ ಇಲ್ಲದಿದ್ದರೆ ಆ ಡಿಸ್ಕಿನಿಂದ ನಕಲೂ ಇಲ್ಲ, ಏನೂ ಇಲ್ಲ. ಇನ್ನೊಂದು: 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು ಎಂದು ಹೇಳಿ, "ಇದಕ್ಕೇ ಸ್ಟಾರ್ಟ್ ಆಗ್ತಿಲ್ಲ, ಹೊಸದು ತಗೊಳ್ಳಿ" ಎನ್ನುವವರ ಮಾತು ನಂಬಬೇಡಿ. ಬೆಂಬಲ ಮುಗಿದರೆ ಭದ್ರತೆಯ ರಿಪೇರಿ ಮಾಮೂಲಿನಂತೆ ಬರುವುದಿಲ್ಲ, ಅದು ಚಿಂತಿಸಬೇಕಾದ ವಿಷಯವೇ. ಆದರೆ ಯಂತ್ರ ಏಳುವುದು ಅದರಿಂದ ನಿಲ್ಲುವುದಿಲ್ಲ.

ತಪ್ಪು ಯಾರದ್ದು?

ಬೀದಿಯ ರಿಪೇರಿ ಹುಡುಗನೊಬ್ಬನನ್ನೇ ಬೈದು ಪ್ರಯೋಜನವಿಲ್ಲ. ಅವನಿಗೂ ಯಾರೂ ಕನ್ನಡದಲ್ಲಿ ಕಲಿಸಿಲ್ಲ. ಅವನೂ ಆ ಇಂಗ್ಲಿಷ್ ಸಾಲನ್ನು ಓದದೆ ದಾಟುವವನೇ. ವಿಂಡೋಸಿಗೆ ಕನ್ನಡದ ಹೊದಿಕೆ ಇದೆ ನಿಜ. ಆದರೆ ಅದು ಕಾಣುವುದು ಯಂತ್ರ ಎದ್ದ ಮೇಲೆ! ಏಳದೆ ಮಲಗಿರುವಾಗ, ಅಂದರೆ ನಮಗೆ ತಿಳಿವಳಿಕೆ ಬೇಕೇ ಬೇಕಾದ ಹೊತ್ತಿನಲ್ಲಿ, ಕನ್ನಡವಿಲ್ಲ. ಬೋರ್ಡಿನ ಸೆಟ್ಟಿಂಗ್ ಪರದೆಯಲ್ಲಿ ಚೀನೀ, ಜಪಾನಿ, ಜರ್ಮನ್ ಭಾಷೆಗಳನ್ನು ಕಂಡಿದ್ದೇನೆ. ಕನ್ನಡವನ್ನು ಇದುವರೆಗೆ ಒಂದರಲ್ಲೂ ಕಂಡಿಲ್ಲ. 1991ರ ಮೊದಲ ಯೂನಿಕೋಡ್ ಪಟ್ಟಿಯಲ್ಲೇ ಕನ್ನಡ ಅಕ್ಷರಗಳಿಗೆ ಜಾಗ ಸಿಕ್ಕಿತ್ತು. ಅಕ್ಷರವಿತ್ತು, ಕೇಳುವವರು ಇರಲಿಲ್ಲ!

ಡಬ್ಬದ ಮೇಲಾದರೂ ಕನ್ನಡವಿದೆಯೇ? ಕೇಂದ್ರದ 2011ರ ಪೊಟ್ಟಣ ನಿಯಮಗಳ ಪ್ರಕಾರ ವಿವರಗಳು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಸಾಕು. ಬೇರೆ ಭಾಷೆ ಬೇಕಿದ್ದರೆ ಹಾಕಿಕೊಳ್ಳಿ ಎಂಬ ಔದಾರ್ಯ! ದುಡ್ಡು ಕನ್ನಡಿಗನದು, ವಿವರ ಮಾತ್ರ ಅವನಿಗೆ ಬಾರದ ಭಾಷೆಯಲ್ಲಿ. ಇದಕ್ಕೆ ಏನನ್ನಬೇಕು?

"ತಾಂತ್ರಿಕ ವಿಷಯ ಕನ್ನಡದಲ್ಲಿ ಬರುವುದಿಲ್ಲ" ಎಂಬ ಪಂಡಿತರೂ ಇದ್ದಾರೆ. ಸ್ವಾಮಿ, ನಮ್ಮ ರೈತ ಪಂಪ್‌ಸೆಟ್ಟಿನ ಸ್ಟಾರ್ಟರ್, ಫ್ಯೂಸು, ಫುಟ್‌ವಾಲ್ವು ಎಲ್ಲವನ್ನೂ ಕನ್ನಡದಲ್ಲೇ ಬಿಚ್ಚಿ ಕನ್ನಡದಲ್ಲೇ ಜೋಡಿಸುತ್ತಾನೆ. ಕಾರಂತರು 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಕನ್ನಡಕ್ಕೆ ಕೊಟ್ಟಿದ್ದು ಕಂಪ್ಯೂಟರ್ ನಮ್ಮ ಮನೆ ಸೇರುವ ಎಷ್ಟೋ ವರ್ಷ ಮೊದಲೇ. ರ‍್ಯಾಮನ್ನು ರ‍್ಯಾಮ್ ಎಂದೇ ಕರೆಯಿರಿ, ಮದರ್‌ಬೋರ್ಡಿಗೆ 'ಮಾತೃಫಲಕ' ಎಂದು ಹೆಸರಿಟ್ಟು ಸಮಿತಿಯ ಭತ್ಯೆ ತೆಗೆದುಕೊಳ್ಳಬೇಡಿ. ನಮಗೆ ಬೇಕಿರುವುದು ಹೊಸ ಪದವಲ್ಲ, ವಿವರಣೆ!

ನಮ್ಮವರಿಗೂ ಒಂದು ಮಾತು. ಅಂಗಡಿಯ ಇಂಗ್ಲಿಷ್ ಫಲಕದ ವಿರುದ್ಧ ಕೂಗಿದೆವು, ಸರಿ. ಆ ಅಂಗಡಿಯ ಒಳಗೆ ಹೋದ ಕನ್ನಡಿಗ ಇಂಗ್ಲಿಷ್ ಬಿಲ್ಲಿಗೆ ತಲೆಬಾಗಿ ಹೊರಗೆ ಬರುವುದನ್ನು ಯಾರು ಕೇಳಿದೆವು? ಫಲಕ ಬಾಗಿಲಲ್ಲಿರುತ್ತದೆ, ಸುಲಿಗೆ ಒಳಗಿರುತ್ತದೆ.

ನಮ್ಮ ಹಕ್ಕೊತ್ತಾಯ

1. ಗ್ರಾಹಕನ ಸಹಿ ಪಡೆಯದೆ ಯಾವ ಅಂಗಡಿಯವರೂ ಫಾರ್ಮ್ಯಾಟ್ ಮಾಡಬಾರದು. ಆ ಒಪ್ಪಿಗೆ ಚೀಟಿ ಕನ್ನಡದಲ್ಲಿರಬೇಕು.

2. ಯಾವ ಭಾಗ ಕೆಟ್ಟಿದೆ, ಹೇಗೆ ಗೊತ್ತಾಯಿತು, ಎಷ್ಟು ಖರ್ಚು ಎಂದು ಮೊದಲೇ ಕನ್ನಡದಲ್ಲಿ ಬರೆದುಕೊಡಬೇಕು. ತೆಗೆದ ಹಳೆಯ ಭಾಗವನ್ನು ವಾಪಸು ಕೊಡಬೇಕು.

3. ಶಾಲೆಗಳಿಗೆ, ಪಂಚಾಯಿತಿಗಳಿಗೆ ಕಂಪ್ಯೂಟರ್ ಕೊಳ್ಳುವ ಸರ್ಕಾರ ಟೆಂಡರಿನಲ್ಲೇ ಕನ್ನಡ ಕೈಪಿಡಿ ಮತ್ತು ಕನ್ನಡ ಮಾತನಾಡುವ ಸಹಾಯವಾಣಿಯನ್ನು ಷರತ್ತು ಮಾಡಬೇಕು.

4. ಕೇಂದ್ರದ ಪೊಟ್ಟಣ ನಿಯಮಗಳಿಗೆ ತಿದ್ದುಪಡಿ ತಂದು, ಮಾರುವ ರಾಜ್ಯದ ಭಾಷೆಯನ್ನು ಕಡ್ಡಾಯ ಮಾಡಬೇಕು. ನಮ್ಮ ಸಂಸದರು ಇದಕ್ಕಾಗಿ ಬಾಯಿ ಬಿಡಲಿ.

ಸರ್ಕಾರ ಏಳುವತನಕ ಕಾಯಬೇಕಿಲ್ಲ. ಅದು ಕಂಪ್ಯೂಟರಿಗಿಂತ ನಿಧಾನ! ಮೋಸವಾದರೆ ಬಿಲ್ಲು ಹಿಡಿದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ದೂರು ಕೊಡಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ, ಬೇಕೆಂದೇ ಮಾಹಿತಿ ಮುಚ್ಚಿಡುವುದೂ ಸೇವೆಯ ಕೊರತೆಯೇ. ಅಂಗಡಿಗೆ ಹೋದಾಗ ಮೂರೇ ಪ್ರಶ್ನೆ ಕೇಳಿ: ಯಾವ ಮೆಟ್ಟಿಲಲ್ಲಿ ನಿಂತಿದೆ? ರ‍್ಯಾಮ್ ತೆಗೆದು ನೋಡಿದಿರಾ? ಫೈಲು ನಕಲು ಮಾಡಿಕೊಂಡಿರಾ? ಉತ್ತರ ಕನ್ನಡದಲ್ಲಿ ಬರುವ ತನಕ ಯಂತ್ರ ಕೊಡಬೇಡಿ.

ಬಳಗದ ಗೆಳೆಯರೇ, ಮೇಲಿನ ನಾಲ್ಕು ಮೆಟ್ಟಿಲು ಒಂದು ಹಾಳೆಯಲ್ಲಿ ಹಿಡಿಯುತ್ತವೆ. ನಿಮ್ಮೂರಿನ ವಾಚನಾಲಯಕ್ಕೆ, ಶಾಲೆಗೆ, ಸೈಬರ್ ಅಂಗಡಿಗೆ ಅಂಟಿಸಿ. ಕಾಗದ ನೀವು ತನ್ನಿ. ಅಚ್ಚುಕೂಲಿ ನನಗೆ ಬೇಡ.