ಪೆಟ್ಟಿಗೆಯ ಕುಲ ಕೇಳುವವರಿಗೆ

ಅರ್ಜೆಂಟೀನಾದ ಟ್ಯಾಂಗೊ ಸಂಗೀತಕ್ಕೆ ಈಗ ನಮ್ಮಲ್ಲೂ ಕೇಳುಗರಿದ್ದಾರೆ. ಆಸ್ಟರ್ ಪಿಯಾಝೊಲ್ಲಾರ (1921–1992) ಧ್ವನಿಮುದ್ರಿಕೆ ಹಾಕಿಕೊಂಡು, ಬ್ಯಾಂಡೋನಿಯನ್ ಎಂಬ ತಿದಿಯ ವಾದ್ಯದ ಅಳಲಿಗೆ ತಲೆದೂಗುತ್ತಾರೆ. ತಲೆದೂಗಲಿ, ಸಂತೋಷ. ಆದರೆ ಅದೇ ಬಳಗದ ನಾದ ಕರಿಘಟ್ಟದ ಸುತ್ತಿನ ಹಳ್ಳಿಯ ನಾಟಕದಲ್ಲಿ ಕೇಳಿಬಂದರೆ ಮೂಗು ಮುರಿಯುವುದೇಕೆ?

ಬ್ಯಾಂಡೋನಿಯನ್ ಹುಟ್ಟಿದ್ದು ಅರ್ಜೆಂಟೀನಾದಲ್ಲಲ್ಲ, 19ನೇ ಶತಮಾನದ ನಡುವೆ ಜರ್ಮನಿಯಲ್ಲಿ. ಕ್ರೆಫೆಲ್ಡ್ ಪಟ್ಟಣದ ಹೈನ್ರಿಕ್ ಬ್ಯಾಂಡ್ ಎಂಬ ವಾದ್ಯ ವ್ಯಾಪಾರಿಯ ಹೆಸರು ಅದಕ್ಕೆ ಅಂಟಿಕೊಂಡಿತು. ಮುಂದೆ ಹಡಗು ಹತ್ತಿ ಬ್ಯೂನಸ್ ಐರಿಸ್ ಸೇರಿ, ಅಲ್ಲಿಯ ಬಡ ಕೇರಿಗಳ ಹಾಡಿಗೆ ದನಿಯಾಯಿತು. ಆ ಜನ ಅದನ್ನು ತಮ್ಮದಾಗಿಸಿಕೊಂಡರು. 2009ರಲ್ಲಿ ಯುನೆಸ್ಕೊ ಟ್ಯಾಂಗೊವನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮ ಹಾರ್ಮೋನಿಯಂ ಅದರ ದಾಯಾದಿ. ಇದೂ ಯುರೋಪಿನಿಂದ ಬಂತು, ಕಲ್ಕತ್ತೆಯಲ್ಲಿ ಕೈತಿದಿಯ ಪೆಟ್ಟಿಗೆಯಾಯಿತು. ಎರಡರಲ್ಲೂ ತಿದಿಯ ಗಾಳಿಗೆ ಲೋಹದ ರೀಡುಗಳು ನಡುಗಿ ನಾದ ಹುಟ್ಟುತ್ತದೆ. ಆದರೆ ಇದಕ್ಕೆ ಸಿಕ್ಕ ಮರ್ಯಾದೆ ಯಾವುದು? 1940ರಲ್ಲಿ ಆಕಾಶವಾಣಿ ಅದನ್ನು ಬಹಿಷ್ಕರಿಸಿತು. ಆ ನಿರ್ಬಂಧ ಸಡಿಲವಾಗಲು 1971ರವರೆಗೆ ಕಾಯಬೇಕಾಯಿತು.

ಅದರ ಸ್ವರಗಳು ಕಟ್ಟಿಟ್ಟವು, ಗಮಕ ಎಳೆಯಲಾಗದು ಎಂಬ ಆಕ್ಷೇಪದಲ್ಲಿ ನಿಜವಿದೆ. ಆದರೆ ಅದೊಂದು ಮಿತಿಯೇ ಹೊರತು ಅಪರಾಧವಲ್ಲ. ಆ ಮಿತಿಯೊಳಗೇ ಬೆಳಗಾವಿಯ ರಾಮಭಾವು ಬಿಜಾಪುರೆ (1917–2010) ಹಾರ್ಮೋನಿಯಂ ಸೋಲೊ ನುಡಿಸಿ ಹೆಸರಾದರು. ಇನ್ನು 'ವಿದೇಶಿ' ಎಂಬ ಆಕ್ಷೇಪವಾದರೋ ಶುದ್ಧ ಕಪಟ. ಪಿಟೀಲು ಎಲ್ಲಿಯದು? ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ಎಲ್ಲಿಯದು? ಪಿಟೀಲಿಗೆ ಏಳು ತಂತಿ ಬಿಗಿದ ಚೌಡಯ್ಯನವರನ್ನು ನಾವು ಹೆಮ್ಮೆಯಿಂದ ನೆನೆಯುವುದಿಲ್ಲವೇ? ತಿದಿಯ ವಾದ್ಯವಂತೂ ಈ ನೆಲಕ್ಕೆ ಹೊಸತೇ ಅಲ್ಲ. 1799ರಲ್ಲಿ ಶ್ರೀರಂಗಪಟ್ಟಣದಿಂದ ಬ್ರಿಟಿಷರು ಕೊಂಡೊಯ್ದ ಟಿಪ್ಪುವಿನ ಮರದ ಹುಲಿಯ ಹೊಟ್ಟೆಯೊಳಗೂ ತಿದಿಯಿದೆ, ಪುಟ್ಟ ಆರ್ಗನ್ ಇದೆ. ಅದೀಗ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿದೆ.

'ಹೊರಗಿನದು' ಎಂಬ ಮಾತು ವಾದ್ಯಕ್ಕೆ ಮಾತ್ರ ನಿಲ್ಲುವುದಿಲ್ಲ ಎಂಬುದನ್ನು ನಾವು ಬಲ್ಲೆವು. ಇಂದು ಪೆಟ್ಟಿಗೆಯ ಕುಲ ಕೇಳಿದವರು ನಾಳೆ ನುಡಿಸುವವನ ಕುಲ ಕೇಳುತ್ತಾರೆ.

ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ಆಡುವವರು ರೈತರು, ಕೂಲಿಕಾರರು. ಪಾತ್ರಕ್ಕೆ ಕೈಯಿಂದಲೇ ದುಡ್ಡು ಹಾಕುತ್ತಾರೆ. ಅವರಿಗೆ ಕಂದ, ವೃತ್ತ, ರಂಗಗೀತೆ ಬಾಯಿಪಾಠ ಮಾಡಿಸಿ, ರಾಗ ಹಿಡಿಸಿ, ಬೆಳಗಿನ ಜಾವದವರೆಗೆ ನಾಟಕವನ್ನು ಎಳೆದೊಯ್ಯುವವರು ಹಾರ್ಮೋನಿಯಂ ಮೇಷ್ಟ್ರು. ಅಕ್ಷರ ಬಾರದವನ ಬಾಯಲ್ಲೂ ಹಳಗನ್ನಡದ ಛಂದಸ್ಸು ಆಡಿಸುವ ಈ ವಿದ್ಯೆಗೆ ಯಾವ ವಿಶ್ವವಿದ್ಯಾಲಯ ಸಾಟಿ?

1935ರಲ್ಲೇ ತೀರಿಕೊಂಡ ಕಾರ್ಲೋಸ್ ಗಾರ್ಡೆಲ್‌ನ ಟ್ಯಾಂಗೊ ಹಾಡುಗಳನ್ನು ನಾವಿಂದು ಕೇಳಬಲ್ಲೆವು, ಏಕೆಂದರೆ ಅವನ್ನು ತಟ್ಟೆಗಳಲ್ಲಿ ಹಿಡಿದಿಡಲಾಗಿತ್ತು. ನಮ್ಮ ನಾಟಕಗಳ ವಿಡಿಯೊಗಳೇನೋ ಮೊಬೈಲುಗಳಲ್ಲಿ ಓಡಾಡುತ್ತಿವೆ. ಎಷ್ಟೋ ವಿಡಿಯೊಗಳಲ್ಲಿ ದುರ್ಯೋಧನನ ಗದೆ ಕಾಣುತ್ತದೆ, ಮೇಷ್ಟ್ರ ಹೆಸರು ಕಾಣುವುದಿಲ್ಲ. ಮಟ್ಟುಗಳನ್ನು ಅವರು ಕಲಿಸುವ ಕ್ರಮದ ಸಮೇತ, ಹೆಸರು ಹಾಕಿ, ಸಂಭಾವನೆ ಕೊಟ್ಟು ಧ್ವನಿಮುದ್ರಿಸುವುದು ಅಕಾಡೆಮಿಗಳ ಮತ್ತು ಸಂಸ್ಕೃತಿ ಇಲಾಖೆಯ ಕರ್ತವ್ಯ. ಮೇಷ್ಟ್ರು ತೀರಿಕೊಂಡ ಮೇಲೆ ಸನ್ಮಾನದ ಶಾಲು ಹೊದಿಸುವುದು ಯಾರಿಗೆ?